ನಿಮ್ಮ ಸುಪರ್ವೈಜರ್

ಪುಣೆ
10 ಆಗಸ್ಟ್ 1974

ಅಕ್ಕಾ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಬೈದರೂ ಸಾವಿತ್ರೆವ್ವನ ಎದುರು ಬೈಯಬೇಡ, ಅವಳು ನಿನ್ನ ಜೊತೆ ಸೇರಿಕೊಂಡು ಬೈಯುತ್ತಾಳೆ.

ಅವಳಿಗೆ ನಾಲ್ಕು ತಿಂಗಳು ತುಂಬಿತೆಂದು ಬರೆದಿದ್ದೀ. ಓದಿದಾಗ ಸಂತೋಷಕ್ಕಿಂತ ಮೊದಲು ಹೆದರಿಕೆ ಬಂತು. ಹಿಂದಿನ ಎರಡು ಸಲವೂ ನಾನು ಇಲ್ಲಿದ್ದೆ, ಎರಡು ಸಲವೂ ಕೂಸು ಉಳಿಯಲಿಲ್ಲ. ಗಂಡ ಮನೆಯಲ್ಲಿದ್ದಿದ್ದರೆ ಉಳಿಯುತ್ತಿತ್ತೆಂದು ಅವಳು ನಂಬಿದ್ದಾಳೆ. ನಾನು ಡಾಕ್ಟರನೂ ಅಲ್ಲ, ಸೂಲಗಿತ್ತಿಯೂ ಅಲ್ಲ. ಆದರೂ ಅವಳ ಆ ಮಾತಿಗೆ ಎದುರಾಡಲು ನನಗೆ ಬಾಯಿಲ್ಲ. ಎಂಟನೇ ತಿಂಗಳು ಹಿಡಿಯುವ ಹೊತ್ತಿಗೆ, ಅಂದರೆ ದೀಪಾವಳಿಗೆ, ಬಿಳೂರಿಗೆ ಬಂದು ಹೆರಿಗೆ ಮುಗಿಯುವವರೆಗೆ ಇರುತ್ತೇನೆ. ಈ ಸಾಲನ್ನು ಅವಳಿಗೆ ಎರಡು ಸಲ ಓದಿ ಹೇಳು.

ಇಲ್ಲಿಯ ಸುದ್ದಿ ಎಂದರೆ ಯಂತ್ರದ ಸುದ್ದಿಯೇ. ನಮ್ಮ ಕಾರ್ಖಾನೆಯ ಕಂಪ್ಯೂಟರ್ ಪರದೇಶದಲ್ಲಿ ಎಷ್ಟೋ ವರ್ಷ ದುಡಿದು ಮುದಿಯಾದ ಮೇಲೆ ಇಲ್ಲಿಗೆ ಬಂದದ್ದು. ಐದಾರು ಕಪಾಟು ಸಾಲಾಗಿ ಇಟ್ಟಷ್ಟು ದೊಡ್ಡದು. ಅದಕ್ಕೊಂದು ತಣ್ಣನೆಯ ಕೋಣೆ ಬೇರೆ. ಮಾಡಬೇಕಾದ ಕೆಲಸವನ್ನೆಲ್ಲ ತೂತು ಹೊಡೆದ ದಪ್ಪ ಕಾಗದದ ಕಾರ್ಡುಗಳಲ್ಲಿ ಅದಕ್ಕೆ ತಿನ್ನಿಸುತ್ತೇವೆ. ಪ್ರತಿ ಕಾರ್ಡಿನ ಒಂದು ಮೂಲೆ ಕತ್ತರಿಸಿರುತ್ತದೆ. ಕಟ್ಟಿನಲ್ಲಿ ಒಂದು ಕಾರ್ಡು ತಿರುವುಮುರುವಾಗಿದ್ದರೂ ಕಣ್ಣಿಗೆ ಬೀಳಲೆಂದು ಹಾಗೆ.

ಬೆಳಿಗ್ಗೆ ಚಾಲೂ ಮಾಡಿದಾಗ ಈ ಯಂತ್ರಕ್ಕೆ ಏನೂ ತಿಳಿಯದು. ಮೊದಲು ಆಜ್ಞೆಗಳ ಒಂದು ದೊಡ್ಡ ಗಂಟನ್ನು ಡಿಸ್ಕಿನಿಂದ ಅದರ ತಲೆಗೆ ಇಳಿಸಬೇಕು. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವ ಟೇಪು ಓದಬೇಕು, ಏನು ಛಾಪಿಸಬೇಕು ಎಂಬುದನ್ನೆಲ್ಲ ಆ ಗಂಟು ನೋಡಿಕೊಳ್ಳುತ್ತದೆ. ಸಾಹೇಬರು ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಅದರಲ್ಲಿ ಯಾವಾಗಲೂ ಎಚ್ಚರವಿರುವ ಭಾಗದ ಹೆಸರು ಸುಪರ್ವೈಜರ್. ಮನುಷ್ಯನಲ್ಲ, ಬರೀ ಆಜ್ಞೆ. ಆದರೆ ನಾವು ಅವನನ್ನು ಮನುಷ್ಯನಂತೆಯೇ ಬೈಯುತ್ತೇವೆ. ಕಾರ್ಖಾನೆಯವರು ಹೊಸ ಡಿಸ್ಕು ತರಿಸಿದ್ದಾರೆ, ಈ ಹಳಬನಿಗೆ ಅದರ ಗುರುತೇ ಹತ್ತುವುದಿಲ್ಲ. ಕೆಲಸದ ನಡುವೆ ನಿಂತುಬಿಡುತ್ತಾನೆ, ಮತ್ತೆ ಮೊದಲಿನಿಂದ ಎಬ್ಬಿಸಬೇಕು. ಇವನನ್ನು ತೆಗೆದು ಹೊಸಬನನ್ನು ಕೂಡಿಸುವುದೆಂದು ತೀರ್ಮಾನವಾಗಿದೆ. ಆ ಕೆಲಸಕ್ಕೆ ಎಂಜಿನಿಯರ್ ಸಾಹೇಬರು ನನ್ನನ್ನು ಜೊತೆಗೆ ಹಾಕಿಕೊಂಡಿದ್ದಾರೆ. ಮುಗಿದ ಕೂಡಲೇ ರಜೆ.

ನಿನ್ನ ತಮ್ಮ
ಮಲಕಾಜಪ್ಪ

*

ಬಿಳೂರ
26 ಆಗಸ್ಟ್ 1974

ತಮ್ಮಾ,

ನಿನ್ನ ಕಾಗದವನ್ನು ಸಾವಿತ್ರೆವ್ವ ನಾಲ್ಕು ಸಲ ಓದಿಸಿಕೊಂಡಳು. ಓದಿಸಿಕೊಂಡದ್ದು ದೀಪಾವಳಿಯ ಸಾಲನ್ನು ಮಾತ್ರ. ಯಂತ್ರದ ಪುರಾಣ ಬಂದಾಗ ಎದ್ದು ಹೋಗಿ ಅಕ್ಕಿ ಆರಿಸಿದಳು. ಗಂಡ ಹೆಂಡತಿಗೆ ಬರೆಯುವ ಕಾಗದದಲ್ಲಿ ಕಪಾಟು, ಡಿಸ್ಕು, ಟೇಪು. ನಿನ್ನನ್ನು ಕಾಲೇಜಿಗೆ ಕಳಿಸಿದ್ದು ಇದಕ್ಕೇ ಇರಬೇಕು.

ಪೂರ್ತಿ ಕೇಳಿದವನು ಶಿವಯೋಗೆಪ್ಪ ಕಾಕಾ ಒಬ್ಬನೇ. ಅಂಗಡಿ ಮುಚ್ಚಿ ಬಂದು ಊಟಕ್ಕೆ ಕೂತಿದ್ದ. ಎಲ್ಲ ಬಿಟ್ಟು ಸುಪರ್ವೈಜರ್ ಎಂಬ ಒಂದು ಮಾತನ್ನು ಹಿಡಿದುಕೊಂಡ. ನಿನಗೇ ಗೊತ್ತಲ್ಲ, ಟೊಪ್ಪಿಗೆ ಹಾಕಿಕೊಂಡು ರಸ್ತೆ ಕೆಲಸ ಮಾಡಿಸಲು ಬರುವ ಸುಪರ್ವೈಜರನಿಗಿಂತ ದೊಡ್ಡ ಮನುಷ್ಯನನ್ನು ಅವನು ಹತ್ತಿರದಿಂದ ನೋಡಿಲ್ಲ. ಮರುದಿನ ಅಂಗಡಿಗೆ ಬಂದವರಿಗೆಲ್ಲ, "ನಮ್ಮ ಮಲಕಾಜಪ್ಪ ಪುಣೇದಾಗ ಸುಪರ್ವೈಜರ್ ಆಗ್ಯಾನ" ಎಂದು ಹೇಳಿದ. ಈಗ ಎಸ್‌.ಟಿ. ಬಸ್ಸಿನ ಕಂಡಕ್ಟರ್ ಕೂಡ ನಿಮ್ಮ ಸುಪರ್ವೈಜರ್ ಯಾವಾಗ ಬರುತ್ತಾನೆಂದು ಕೇಳುತ್ತಾನೆ. ಊರಲ್ಲಿ ನಿನ್ನ ಹೆಸರು ಹೋಯಿತು, ಸುಪರ್ವೈಜರ್ ಉಳಿಯಿತು.

ಯಂತ್ರದೊಳಗಿನವನು, ಹೊರಗಿನವನು ಎಂದು ಬಿಡಿಸಿ ಹೇಳುವ ಗೊಡವೆಗೆ ನಾನು ಹೋಗಲಿಲ್ಲ. ಖರೆ ಹೇಳಬೇಕೆಂದರೆ ಕೇಳಲು ಚೆನ್ನಾಗಿತ್ತು. ಗಂಡ ಸತ್ತು ತವರಿಗೆ ಬಂದವಳು ಎಂದು ನನ್ನನ್ನು ನೋಡುತ್ತಿದ್ದವರು ಈಗ ಸುಪರ್ವೈಜರನ ಅಕ್ಕ ಎನ್ನುತ್ತಾರೆ. ಬೇಡವೆಂದರೆ ಬರೆ, ಕಾಕಾನಿಗೆ ತಿಳಿಸಿ ಹೇಳುತ್ತೇನೆ.

ಸಾವಿತ್ರೆವ್ವ ಆರಾಮ ಇದ್ದಾಳೆ.

ಶಿವಲಿಂಗವ್ವ

*

ಪುಣೆ
15 ಸೆಪ್ಟೆಂಬರ್ 1974

ಅಕ್ಕಾ,

ಕಾಕಾನ ಸುದ್ದಿ ಓದಿ ಬಹಳ ನಕ್ಕೆ. ಅಂದರೆ ಅನ್ನಲಿ ಬಿಡು. ಅವನ ಸಂತೋಷವನ್ನು ಯಾಕೆ ಕೆಡಿಸುತ್ತೀ?

ಕೆಲಸ ಒಂದು ಹೆಜ್ಜೆ ಹಿಂದೆ ಹೋಗಿದೆ. ಹೊಸ ಸುಪರ್ವೈಜರ್ ಮುಂಬಯಿಯಿಂದ ಟೇಪಿನ ಸುರುಳಿಯಲ್ಲಿ ಸುತ್ತಿಕೊಂಡು ಬಂದ. ರವಿವಾರ ಯಂತ್ರಕ್ಕೆ ಬೇರೆ ಕೆಲಸ ಇರುವುದಿಲ್ಲವೆಂದು ಅಂದೇ ಕೂಡಿಸಲು ಹೊರಟೆವು. ಮುಕ್ಕಾಲು ಭಾಗ ಇಳಿದ ಮೇಲೆ ಟೇಪಿನ ಒಂದು ಜಾಗ ಓದಲು ಬರದೇ ಹೋಯಿತು. ಸಾಹೇಬರು ಸುರುಳಿ ಒರೆಸಿದರು, ಮತ್ತೆ ಹಾಕಿದರು, ಐದು ಸಲ ಅದೇ ಜಾಗದಲ್ಲಿ ನಿಂತಿತು. ಬೇರೆ ಟೇಪು ಬರಬೇಕು. ಅಲ್ಲಿಯವರೆಗೆ ಹಳಬನಿಗೇ ಅಲ್ಲಲ್ಲಿ ತೇಪೆ ಹಾಕುತ್ತಿದ್ದೇವೆ. ತಪ್ಪಿದ ಆಜ್ಞೆಯ ಜಾಗಕ್ಕೆ ಸರಿಯಾದ ಆಜ್ಞೆಯನ್ನು ಕಾರ್ಡಿನಲ್ಲಿ ಹೊಡೆದು ಸೇರಿಸುವುದು. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಬಿಚ್ಚುತ್ತದೆ.

ದೀಪಾವಳಿಗೆ ಇನ್ನೂ ಎರಡು ತಿಂಗಳಿದೆ ಎಂದು ಸಾವಿತ್ರೆವ್ವನಿಗೆ ಹೇಳು. ಅವಳು ಉಣ್ಣುತ್ತಾಳೆಯೇ, ಮಲಗುತ್ತಾಳೆಯೇ, ಒಂದನ್ನೂ ನೀನು ಬರೆದಿಲ್ಲ. ಆರಾಮ ಎಂಬ ಒಂದೇ ಮಾತಿನಲ್ಲಿ ಮುಗಿಸಬೇಡ.

ಮಲಕಾಜಪ್ಪ

*

ಬಿಳೂರ
3 ಅಕ್ಟೋಬರ್ 1974

ತಮ್ಮಾ,

ಉಣ್ಣುತ್ತಾಳೆ, ಮಲಗುತ್ತಾಳೆ. ಕಾಲು ಸ್ವಲ್ಪ ಬಾತಿವೆ. ಬಸುರಿಯರಿಗೆ ಬಾಯುವುದೇ.

ನಿನ್ನ ಕಾಗದ ಓದಿದಾಗ ಅವಳು ಕೇಳಿದ್ದು ಒಂದೇ. "ರಜಾ ಕೇಳ್ಯಾರೇನ್ರಿ ಅಕ್ಕಾರ? ಕೇಳೀನಿ ಅಂತ ಬರದಾರೇನು?" ಬರೆದಿಲ್ಲ ಎಂದು ಹೇಳಲಾಗದೆ, ಯಂತ್ರದ ಕೆಲಸ ಮುಗಿದ ಕೂಡಲೇ ಎಂದು ಬರೆದಿದ್ದಾನೆ ಎಂದೆ. ಅವಳು ಓದಲು ಕಲಿತಿಲ್ಲ ನಿಜ. ಆದರೆ ನಾನು ಎಲ್ಲಿ ತಡೆದು ಓದುತ್ತೇನೆ ಎಂಬುದು ಅವಳಿಗೆ ತಿಳಿಯುತ್ತದೆ.

ರಜೆ ಕೇಳಿದ್ದೀಯೋ ಇಲ್ಲವೋ? ಮುಂದಿನ ಕಾಗದದಲ್ಲಿ ಟೇಪಿನ ಸುದ್ದಿಗಿಂತ ಮೊದಲು ಅದನ್ನು ಬರೆ.

ಶಿವಲಿಂಗವ್ವ

*

ಪುಣೆ
21 ಅಕ್ಟೋಬರ್ 1974

ಅಕ್ಕಾ,

ರಜೆಯ ಮಾತು ಆಡಿದ್ದೇನೆ. ಸಾಹೇಬರು ಇಲ್ಲ ಎಂದಿಲ್ಲ, ಹೂಂ ಎಂದೂ ಇಲ್ಲ.

ನಿನ್ನೆ ರವಿವಾರ ಎರಡನೇ ಟೇಪು ಹಾಕಿದೆವು. ಈ ಸಲ ಟೇಪು ಚಲೋ ಇತ್ತು, ಕೈಕೊಟ್ಟಿದ್ದು ಕರೆಂಟು. ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುವಾಗ ಮಧ್ಯಾಹ್ನ ಕಾರ್ಖಾನೆ ಪೂರಾ ಕತ್ತಲಾಯಿತು. ಕರೆಂಟು ಬಂದ ಮೇಲೆ ನೋಡಿದರೆ ಡಿಸ್ಕಿನ ಮೇಲೆ ಅರ್ಧ ಹಳಬ, ಅರ್ಧ ಹೊಸಬ. ಅಂಥದ್ದು ಯಾರ ಮಾತನ್ನೂ ಕೇಳುವುದಿಲ್ಲ. ಯಂತ್ರ ಇಡಿಯಾಗಿದೆ, ಏನೂ ಕೆಟ್ಟಿಲ್ಲ, ಆದರೆ ಎದ್ದು ಕೂಡುವುದಿಲ್ಲ. ಎಂಜಿನಿಯರ್ ಸಾಹೇಬರು ತಲೆಗೆ ಕೈಹಚ್ಚಿಕೊಂಡು ಕೂತರು. ಹಳಬನ ಒಂದು ನಕಲನ್ನು ಬೇರೆ ಟೇಪಿನಲ್ಲಿ ಇಟ್ಟಿದ್ದೆವು, ಈಗ ಅದನ್ನೇ ತಂದು ಮತ್ತೆ ಕೂಡಿಸಿ ದಿನ ನೂಕುತ್ತಿದ್ದೇವೆ.

ನೀನು ಸಿಟ್ಟಾಗಿರುವುದು ಅಕ್ಷರದಲ್ಲೇ ಕಾಣುತ್ತದೆ. ನನಗೂ ಇಲ್ಲಿ ಹಿತವಾಗಿಲ್ಲ. ಸಾವಿತ್ರೆವ್ವನ ಕಾಲು ಇಳಿದವೇ? ಜತ್ತಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸು.

ಮಲಕಾಜಪ್ಪ

*

ಬಿಳೂರ
5 ನವೆಂಬರ್ 1974

ತಮ್ಮಾ,

ಎಂಟನೇ ತಿಂಗಳು ಹಿಡಿಯಿತು. ಬಾ.

ಶಿವಲಿಂಗವ್ವ

*

ಪುಣೆ
11 ನವೆಂಬರ್ 1974

ನಿಮ್ಮ ಸುಪರ್ವೈಜರ್ ನಿನ್ನೆ ಮಧ್ಯಾಹ್ನ ಹೋದ. ಬಹಳ ದಿನ ಒದ್ದಾಡಿದ, ಏನು ಮಾಡಿದರೂ ಉಳಿಯಲಿಲ್ಲ. ಅವನ ಜಾಗದಲ್ಲಿ ಹೊಸಬ ಕೂತಿದ್ದಾನೆ, ಒಂದೇ ಏಟಿಗೆ ಎದ್ದ. ಕಾಗದ ಸಿಗಲಿಲ್ಲ ಅಕ್ಕಾ, ಯಂತ್ರದ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಟಪಾಲು ಒಯ್ಯುವವನು ಬಾಗಿಲಲ್ಲಿ ನಿಂತಿದ್ದಾನೆ. ರಜೆ ಸಿಕ್ಕಿತು. ದೀಪಾವಳಿ ತಪ್ಪಿತು, ಆದರೆ ಶನಿವಾರ ಹೊರಟು ರವಿವಾರ ಬಿಳೂರಿಗೆ ಬರುತ್ತೇನೆ, ಖಂಡಿತ. ಸಾವಿತ್ರೆವ್ವನಿಗೆ ಈಗಲೇ ಹೇಳು. — ಮಲಕಾಜಪ್ಪ

*

ತಾರು
ಪುಣೆ ತಂತಿ ಕಚೇರಿ, 15 ನವೆಂಬರ್ 1974

ನಾನು ಬದುಕಿದ್ದೇನೆ. ಕಾಕಾನ ಜೊತೆ ಬರುತ್ತಿದ್ದೇನೆ. ಸಾವಿತ್ರೆವ್ವನಿಗೆ ಹೇಳಿರಿ. ಮಲಕಾಜಪ್ಪ

*

ಪುಣೆ
2 ಡಿಸೆಂಬರ್ 1974

ಅಕ್ಕಾ,

ಮುಟ್ಟಿದೆ. ಕೆಲಸಕ್ಕೆ ಹೋಗುತ್ತಿದ್ದೇನೆ.

ಊರಲ್ಲಿದ್ದ ಹನ್ನೆರಡು ದಿನದಲ್ಲಿ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಮನೆಯಲ್ಲಿ ಜನ ತುಂಬಿದ್ದರು. ನಾನು ಬಂದ ದಿನವೇ ಹೆಂಗಸರು ಸಾವಿತ್ರೆವ್ವನನ್ನು ಎಬ್ಬಿಸಿ ಕೂಡಿಸಿ ಕುಂಕುಮ ಹಚ್ಚಿದರು, ಬಳೆ ಇಟ್ಟರು. ಅವಳು ಕೈ ಕೊಟ್ಟಳು, ಅಷ್ಟೇ. ಆಮೇಲೆ ಒಂದು ದಿನವೂ ನನ್ನ ಮುಖ ನೋಡಲಿಲ್ಲ. ಅನ್ನ ತಂದಿಟ್ಟರೆ ಉಂಡಳು. ಕೂಸನ್ನು ಎಲ್ಲಿ ಮಣ್ಣು ಮಾಡಿದರೆಂದು ನಾನು ಕೇಳಿದಾಗ ಎದ್ದು ಒಳಗೆ ಹೋದಳು. ನಾನು ಹೊರಟ ಮರುದಿನ ಅವಳ ಅಣ್ಣ ತನ್ನ ಊರು ದರಿಬಡಚಿಗೆ ಕರೆದುಕೊಂಡು ಹೋದನೆಂದು ನೆರೆಮನೆಯ ಶಿದ್ರಾಯ ಬರೆದಿದ್ದಾನೆ. ನೀನೇಕೆ ಬರೆಯಲಿಲ್ಲ?

ಕಾಕಾ ಇಲ್ಲಿಗೆ ಬಂದ ದಿನದ್ದನ್ನು ನಿನಗೆ ಹೇಳಿಲ್ಲ. ಶುಕ್ರವಾರ ಮುಂಜಾನೆ ಗೇಟಿನಲ್ಲಿ ಯಾರೋ ಹಳ್ಳಿಯವರು ಇಬ್ಬರು ಬಂದಿದ್ದಾರೆ, ಸತ್ತ ಸುಪರ್ವೈಜರ್ ಒಬ್ಬರನ್ನು ಕೇಳುತ್ತಿದ್ದಾರೆ ಎಂದು ಪಹರೆಯವನು ಬಂದು ಹೇಳಿದ. ಜತ್ತದ ಕಡೆಯವರೆಂದು ನನ್ನನ್ನೇ ಕಳಿಸಿದರು. ಹೋಗಿ ನೋಡಿದರೆ ಕಾಕಾ ಮತ್ತು ಶಿದ್ರಾಯ. ಕಾಕಾನ ಬಗಲಲ್ಲಿ ಗಂಟು. ನನ್ನನ್ನು ಕಂಡು, "ನೀ ಅದೀಯಲ್ಲೋ" ಎಂದ. ಇಷ್ಟೇ ಅಂದು ನೆಲಕ್ಕೆ ಕೂತುಬಿಟ್ಟ. ಗಂಟಿನಲ್ಲಿ ಹೊಸ ಬಿಳಿ ಬಟ್ಟೆ ಇತ್ತು, ವಿಭೂತಿ ಇತ್ತು. ನನಗೆ ಹೊದಿಸಲು ತಂದದ್ದು.

ಅವನು ನನ್ನನ್ನು ತಬ್ಬಿಕೊಂಡು ಅತ್ತ. ಆಗ ನನಗೂ ಅಳು ಬಂತು. ಈಗ ಸಿಟ್ಟು ಬರುತ್ತದೆ. ಒಂದು ಕಾರ್ಡು, ಏಳೆಂಟು ಸಾಲು. ಪೂರಾ ಓದಲು ಎಷ್ಟು ಹೊತ್ತು ಬೇಕಿತ್ತು? ಕೆಳಗೆ ನನ್ನ ಸಹಿ ಇತ್ತು. ಅವನನ್ನು ನಾನು ಕ್ಷಮಿಸಲಾರೆ. ನೀನು ಓದುಬರಹ ಬಲ್ಲವಳು. ನಿನ್ನ ಹೆಸರಿಗೆ ಬಂದ ಕಾಗದವನ್ನು ಅವನ ಕೈಗೆ ಯಾಕೆ ಬಿಟ್ಟೆ? ಅಂದು ನೀನು ಎಲ್ಲಿದ್ದೆ?

ಮಲಕಾಜಪ್ಪ

*

ಬಿಳೂರ
12 ಡಿಸೆಂಬರ್ 1974

ತಮ್ಮಾ,

ಎಲ್ಲಿದ್ದೆ ಎಂದು ಕೇಳಿದ್ದೀ. ಮುಚ್ಚಂಡಿಯಲ್ಲಿದ್ದೆ. ಸೂಲಗಿತ್ತಿ ಚನ್ನವ್ವನನ್ನು ಕರೆತರಲು ಹೋಗಿದ್ದೆ.

ಸಾವಿತ್ರೆವ್ವನ ಕಾಲು ಸ್ವಲ್ಪ ಬಾತಿವೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಆಗಲೇ ಮುಖವೂ ಬಾತಿತ್ತು. ತಲೆಶೂಲೆ ಎಂದು ಕಣ್ಣು ಕಟ್ಟಿಕೊಂಡು ಮಲಗುತ್ತಿದ್ದಳು. ಜತ್ತದ ಡಾಕ್ಟರು ಇದು ಚಲೋ ಲಕ್ಷಣವಲ್ಲ, ಮಿರಜಿನ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ಅವಳು ಒಲ್ಲೆ ಎಂದಳು. "ದೀಪಾವಳಿಗಿ ಅವರು ಬರ್ತಾರ, ಅವರ ಜೋಡಿ ಹೋಗ್ತೀನಿ" ಎಂದಳು. ಅದನ್ನು ನಿನಗೆ ಬರೆಯಲು ಕೂತಿದ್ದೆ. ಅರ್ಧ ಬರೆದು ಹರಿದೆ. ಪರ ಊರಿನಲ್ಲಿ ಒಬ್ಬನೇ ಇರುವವನು, ಗಾಬರಿಯಾಗಿ ಕೆಲಸ ಕೆಡಿಸಿಕೊಂಡಾನು ಎಂದುಕೊಂಡೆ. ಬಾ ಎಂದು ಮಾತ್ರ ಬರೆದೆ. ಅಷ್ಟರಲ್ಲೇ ನಿನಗೆ ತಿಳಿಯಬೇಕೆಂದು ನನ್ನ ಹಟ.

ನಿನ್ನ ಕಾಗದ ಬಂದದ್ದು ಗುರುವಾರ ಮುಂಜಾನೆ. ಟಪಾಲಿನ ಧೂಳಪ್ಪ ಎಂದಿನಂತೆ ಅಂಗಡಿಯಲ್ಲಿ ಕೊಟ್ಟ. ಕಾಕಾ ಲಕೋಟೆ ಒಡೆದ, ಒಳಗಿನಿಂದ ಮೂಲೆ ಕತ್ತರಿಸಿದ ಕಾರ್ಡು ಹೊರಬಂತು. ಮೂಲೆ ಇಲ್ಲದ ಕಾಗದ ಎಂದರೆ ಏನೆಂದು ನಿನಗೆ ನಾನು ಹೇಳಬೇಕೇ? ನನ್ನ ಗಂಡ ಸೊಲ್ಲಾಪುರದ ಗಿರಣಿಯಲ್ಲಿ ಸತ್ತಾಗ ಬಂದದ್ದು ಅಂಥದ್ದೇ. ಅದನ್ನು ಕುಂತು ಓದುವುದಿಲ್ಲ, ಮನೆಯೊಳಗೆ ತರುವುದಿಲ್ಲ. ಯಾರು ಎಂದು ತಿಳಿದ ಕೂಡಲೇ ಹರಿದು ಚೆಲ್ಲುವುದು. ಉಳಿದದ್ದನ್ನು ಓದಿದರೆ ಮತ್ತೊಂದು ಸಾವು ಬರುತ್ತದೆಂದು ನಮ್ಮ ಅಜ್ಜಿಯೇ ಹೇಳುತ್ತಿದ್ದಳು. ಗಡಿಯ ಈ ಕಡೆಯ ಸಾಲೆಯಲ್ಲಿ ಕಲಿತ ಕಾಕಾ ಮರಾಠಿ ಓದುವವನು, ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನೆ. ನಿಮ್ಮ ಸುಪರ್ವೈಜರ್ ನಿನ್ನೆ ಮಧ್ಯಾಹ್ನ ಹೋದ. ಅಷ್ಟಾದ ಮೇಲೆ ಅವನು ಯಾಕೆ ಮುಂದೆ ಓದುತ್ತಾನೆ, ನೀನೇ ಹೇಳು. ಅದರ ಮೇಲೆ ಸಾಲಾಗಿ ಅಂಕಿಗಳು ಛಾಪಿಸಿದ್ದವಂತೆ. ಕಚೇರಿಯವರೇ ಕಳಿಸಿದ್ದು, ಕನ್ನಡ ಬಲ್ಲ ನಿನ್ನ ಗೆಳೆಯ ಯಾರೋ ಬರೆದುಕೊಟ್ಟಿರಬೇಕು ಎಂದುಕೊಂಡ. ಚೂರು ಮಾಡಿ ಗಟಾರಿಗೆ ಹಾಕಿದ.

ಚಪ್ಪಲಿ ಬಿಟ್ಟು ಮನೆಯ ಹೊಸ್ತಿಲ ಹೊರಗೆ ಬಂದು ನಿಂತನಂತೆ. ಸಾವಿತ್ರೆವ್ವ ಒಳಗಿನಿಂದ ಯಾಕ್ರಿ ಕಾಕಾ ಎಂದಳು. ಅವನು ನಿನ್ನ ಹೆಸರು ಹೇಳಲಿಲ್ಲ, ಸತ್ತ ಎಂದೂ ಹೇಳಲಿಲ್ಲ. "ಪುಣೇದಿಂದ ಕಾಗದ ಬಂದಿತ್ತವಾ. ಮೂಲಿ ಇರಲಿಲ್ಲ" ಎಂದ. ಅವಳು ಬೀಸುವ ಕಲ್ಲಿಗೆ ಎರಡೂ ಕೈ ಬಡಿದುಕೊಂಡು ಬಳೆ ಒಡೆದಳು. ಯಾರೂ ಹೇಳಿ ಮಾಡಿಸಿದ್ದಲ್ಲ. ಹೆಣ ತಂದ ಮೇಲೆ ನೋಡೋಣ ಎಂದು ಕಾಕಾ ತಡೆಯಲು ಹೋದನಂತೆ, ಅಷ್ಟರಲ್ಲಿ ಅವಳು ಬಿದ್ದಳು. ಅವಳನ್ನು ನೆರೆಯ ಹೆಂಗಸರಿಗೆ ಒಪ್ಪಿಸಿ ಕಾಕಾ ಹನ್ನೆರಡರ ಬಸ್ಸಿಗೆ ಶಿದ್ರಾಯನನ್ನು ಕರೆದುಕೊಂಡು ನಿನ್ನನ್ನು ತರಲು ಹೊರಟ.

ನಾನೂ ಚನ್ನವ್ವನೂ ಬಂದಾಗ ಒಂದೂವರೆ. ಬೇನೆ ಆಗಲೇ ಶುರುವಾಗಿತ್ತು. ಹೆಣ್ಣು ಕೂಸು. ಅತ್ತಿತು ತಮ್ಮಾ. ಸಣ್ಣಗೆ, ಆದರೆ ಅತ್ತಿತು. ಅದನ್ನು ನಿನಗೆ ಯಾರೂ ಹೇಳಿಲ್ಲ. ದೀಪ ಹಚ್ಚುವ ಹೊತ್ತಿನವರೆಗೆ ನನ್ನ ಮಡಿಲಲ್ಲಿ ಇತ್ತು. ಚನ್ನವ್ವ ಹತ್ತಿಯಲ್ಲಿ ಸುತ್ತಿ ಕೊಟ್ಟಿದ್ದಳು. ಸಾವಿತ್ರೆವ್ವನ ಎದೆಗೆ ಹಿಡಿದೆ, ಅವಳು ಮುಖ ಆ ಕಡೆ ತಿರುಗಿಸಿದಳು. "ತಂದಿ ಇಲ್ಲದ್ದನ್ನ ತಗೊಂಡು ಏನ ಮಾಡ್ಲಿ" ಎಂದಳು. ಅವಳು ಅದನ್ನು ಒಂದು ಸಲವೂ ಎತ್ತಿಕೊಳ್ಳಲಿಲ್ಲ. ನಿನ್ನ ತಾರು ಶನಿವಾರ ಬಂತು. ಅದನ್ನು ನಾನೇ ಅವಳಿಗೆ ಓದಿ ಹೇಳಿದೆ. ಅವಳ ಮುಖದಲ್ಲಿ ಕಂಡದ್ದನ್ನು ಬರೆಯಲು ನನಗೆ ಬರುವುದಿಲ್ಲ.

ಕಾಕಾ ಈಗ ಅಂಗಡಿ ತೆರೆಯುವುದಿಲ್ಲ. ಅವನನ್ನು ಬೈಯಬೇಡ. ಆ ಹೆಸರನ್ನು ಊರಿಗೆ ಹರಡಿದವನು ಅವನು, ಹರಡಲು ಬಿಟ್ಟವಳು ನಾನು, ಅನ್ನಲಿ ಬಿಡು ಎಂದವನು ನೀನು.

ಶಿವಲಿಂಗವ್ವ

*

ಪುಣೆ
29 ಡಿಸೆಂಬರ್ 1974

ಅಕ್ಕಾ,

ಕೂಸು ಅತ್ತ ಸುದ್ದಿಯನ್ನು ಓದಿದ ಮೇಲೆ ಆ ಕಾಗದವನ್ನು ಮತ್ತೆ ಕೈಯಲ್ಲಿ ಹಿಡಿಯಲು ಹತ್ತು ದಿನ ಬೇಕಾಯಿತು.

ಕಾಕಾನಿಗೆ ನಾನು ಬೇರೆ ಕಾಗದ ಬರೆದಿದ್ದೇನೆ. ನೀನು ಬರೆದದ್ದು ಸರಿ. ಅದಕ್ಕಿಂತ ಹೆಚ್ಚಿನದು ನನ್ನ ಹತ್ತಿರ ಇದೆ, ನೀನು ಸುಳ್ಳನ್ನು ಒಪ್ಪಿಕೊಂಡ ಮೇಲೆ ನಾನು ಮುಚ್ಚಿಡಬಾರದು.

ರಜೆಯ ಮಾತು ಆಡಿದ್ದೇನೆ ಎಂದು ಅಕ್ಟೋಬರಿನಲ್ಲಿ ಬರೆದೆನಲ್ಲ, ಆಡಿರಲಿಲ್ಲ. ಕೇಳಿದ್ದು ನವೆಂಬರ್ ಹನ್ನೊಂದಕ್ಕೆ, ಕೇಳಿದ ಐದು ನಿಮಿಷಕ್ಕೆ ಕೊಟ್ಟರು. ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದರು. ನಾನು ಕೇಳದೇ ಇದ್ದದ್ದು ಹೆದರಿಕೆಯಿಂದ. ಹೊಸ ಸುಪರ್ವೈಜರ್ ಬಂದರೆ ಯಂತ್ರಕ್ಕೆ ಮುಂಚಿನಷ್ಟು ಆಪರೇಟರುಗಳು ಬೇಡ, ಐವರಲ್ಲಿ ಇಬ್ಬರು ಸಾಕು ಎಂಬ ಮಾತು ಆಗಸ್ಟಿನಲ್ಲೇ ಎದ್ದಿತ್ತು. ಅವನನ್ನು ಕೂಡಿಸುವ ಹೊತ್ತಿಗೆ ಕಣ್ಣೆದುರು ಇದ್ದವನು ಉಳಿಯುತ್ತಾನೆ, ಊರಿಗೆ ಹೋದವನು ಹೋಗುತ್ತಾನೆ ಎಂದು ನಾನೇ ಲೆಕ್ಕ ಹಾಕಿಕೊಂಡೆ. ನಾನು ಉಳಿದೆ. ಮೂವರು ಹೋದರು. ಊರಿನವರು ನನ್ನನ್ನು ಸುಪರ್ವೈಜರ್ ಎನ್ನುತ್ತಿದ್ದಾಗ ನಾನು ಇಲ್ಲಿ ಕೆಲಸ ಹೋದೀತೆಂದು ಸಾಹೇಬರ ಹಿಂದೆ ಹಿಂದೆ ತಿರುಗುತ್ತಿದ್ದೆ. ಅದಕ್ಕೇ ಆ ಹೆಸರು ಸಿಹಿಯಾಗಿತ್ತು.

ಆ ಕಾರ್ಡಿನ ವಿಷಯ. ಇಲ್ಲಿಗೆ ಬಂದ ಮೊದಲ ವಾರ ಆ ಕತ್ತರಿಸಿದ ಮೂಲೆ ಕಂಡರೆ ಹೆದರಿ ಕೈ ಹಿಂದೆಳೆದುಕೊಳ್ಳುತ್ತಿದ್ದೆ. ಒಂದು ಪೆಟ್ಟಿಗೆ ತುಂಬ ಸಾವಿನ ಕಾಗದ ಎಂದು ಅನಿಸಿ ಎಡಗೈಯಲ್ಲಿ ಎತ್ತುತ್ತಿದ್ದೆ. ಜೊತೆಯವರು ನಗುತ್ತಿದ್ದರು. ಆರು ವರ್ಷದಲ್ಲಿ ಅದು ಪೂರಾ ಅಳಿಸಿಹೋಯಿತು. ಅಂದು ಲಕೋಟೆಗೆ ಹಾಕುವಾಗ ಮೂಲೆ ನನ್ನ ಬೆರಳಿಗೆ ತಾಗಿತು, ಆದರೂ ನೆನಪಾಗಲಿಲ್ಲ. ನಿಮ್ಮ ಸುಪರ್ವೈಜರ್ ಎಂದು ಬರೆದು ನನ್ನಷ್ಟಕ್ಕೆ ನಕ್ಕೆ. ನೀನೂ ನಗುತ್ತೀ ಎಂದುಕೊಂಡೆ.

ಯಂತ್ರ ಈಗ ನಿಲ್ಲುವುದೇ ಇಲ್ಲ. ಹೊಸಬ ಒಂದು ದಿನವೂ ತಪ್ಪಿಲ್ಲ.

ಒಂದು ಕೋಣೆ ಹಿಡಿದಿದ್ದೇನೆ. ಇಂದುಬಾಯಿ ಎಂಬ ಮುದುಕಿಯ ವಾಡೆಯಲ್ಲಿ ಮಾಳಿಗೆಯ ಮೇಲೆ ಒಂದು ಕೋಣೆ, ಚಿಕ್ಕ ಅಡಿಗೆಮನೆ, ನಳ ಕೆಳಗಿದೆ. ಇದನ್ನು ನಾನು ಮೂರು ವರ್ಷದ ಹಿಂದೆ ಮಾಡಬೇಕಾಗಿತ್ತು. ಸಂಕ್ರಮಣ ಮುಗಿದ ಮೇಲೆ ಸಾವಿತ್ರೆವ್ವನನ್ನು ಇಲ್ಲಿಗೆ ಕರೆತರುತ್ತೇನೆ. ಮೊದಲು ನೀನು ದರಿಬಡಚಿಗೆ ಹೋಗಿ ಅವಳನ್ನು ಕೇಳು. ನಾನು ಹೋದರೆ ಮುಖ ತಿರುಗಿಸುತ್ತಾಳೆ, ನಿನ್ನ ಮಾತು ಕೇಳುತ್ತಾಳೆ. ಅಣ್ಣನ ಮನೆಗೆ ಹೋದ ದಿನವೇ ಬಳೆ ತೆಗೆದಿಟ್ಟಳೆಂದು ಶಿದ್ರಾಯ ಬರೆದಿದ್ದಾನೆ, ನಿಜವೇ? ಹಾಗಿದ್ದರೆ ಹೊಸ ಬಳೆ ಒಯ್ದು ಇಡಿಸು. ಐನೋರನ್ನು ಕೇಳಿದ್ದೇನೆ, ಬೇಕೆಂದರೆ ತಾಳಿ ಮತ್ತೆ ಕಟ್ಟಬಹುದು, ತಪ್ಪಿಲ್ಲ ಎಂದಿದ್ದಾರೆ. ಅವಳು ಏನು ಅಂದರೂ ಅಂದ ಹಾಗೆಯೇ ಬರೆ. ಈ ಸಲ ಏನನ್ನೂ ಬಿಡಬೇಡ.

ಮಲಕಾಜಪ್ಪ

*

ಬಿಳೂರ
19 ಜನವರಿ 1975

ತಮ್ಮಾ,

ಹೋಗಿ ಬಂದೆ. ಏನನ್ನೂ ಬಿಡಬೇಡ ಎಂದಿದ್ದೀ, ಬಿಡುವುದಿಲ್ಲ.

ಸಾವಿತ್ರೆವ್ವ ಮೈಯಲ್ಲಿ ಹುಷಾರಾಗಿದ್ದಾಳೆ. ಬಾವು ಇಳಿದಿದೆ. ಅಣ್ಣನ ಹೊಲಕ್ಕೆ ಹೋಗುತ್ತಾಳೆ, ಜೋಳದ ಹಕ್ಕಿ ಕಾಯುತ್ತಾಳೆ. ನಾನು ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ಕೈ ಬರಿದಾಗಿತ್ತು, ಹಣೆಯೂ ಬರಿದು. ನನ್ನ ಕಾಲಿಗೆ ನಮಸ್ಕಾರ ಮಾಡಿ, "ಕುಂದ್ರಿ ಅಕ್ಕಾರ" ಎಂದು ಚಾಪೆ ಹಾಕಿದಳು. ಕಾಕಾ ಹೇಗಿದ್ದಾನೆಂದು ಅವಳೇ ಕೇಳಿದಳು. ಅವನ ಮೇಲೆ ಅವಳಿಗೆ ಸಿಟ್ಟಿಲ್ಲ.

ನಿನ್ನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಎಲ್ಲಿಯೂ ತಡೆಯಲಿಲ್ಲ. ರಜೆ ಕೇಳಿರಲಿಲ್ಲ ಎಂಬುದನ್ನೂ ಓದಿದೆ. ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಅದು ನನಗ ಗೊತ್ತಿತ್ರಿ" ಎಂದಳು. ಕೋಣೆಯ ಸುದ್ದಿಯನ್ನು ಕಿವಿಗೊಟ್ಟು ಕೇಳಿದಳು. ನಳ ಕೆಳಗಿದೆ ಎಂಬಲ್ಲಿ ಒಂದು ಸಲ ನನ್ನ ಮುಖ ನೋಡಿದಳು. ಒಪ್ಪಿದಳು ಎಂದು ನನಗೆ ಅನಿಸಿತು. ಚೀಲದಿಂದ ಹಸಿರು ಬಳೆ ತೆಗೆದು ಅವಳ ಮುಂದೆ ಇಟ್ಟೆ. ಅವಳು ಒಲೆ ಆರಿಸಿ, ಕೈ ತೊಳೆದುಕೊಂಡು ಬಂದು ನನ್ನೆದುರು ಕೂತಳು. ಸಿಟ್ಟಿನಿಂದ ಹೇಳಲಿಲ್ಲ. ಅಳಲೂ ಇಲ್ಲ. ಅವಳು ಹೇಳಿದ್ದು ಇದು.

"ಅಕ್ಕಾರ, ನಾ ಅವತ್ತ ಸುಳ್ಳ ಅತ್ತಿಲ್ಲ. ಅವರು ಹೋದ್ರು ಅಂತ ಖರೇನ ಅತ್ತೀನಿ. ಕೂಸೂ ಖರೇನ ಹೋತು. ನಾ ಅದರ ಮಾರಿ ಸುದ್ದಾ ನೋಡಲಿಲ್ಲ. ಈಗ ಕಾಗದ ತಪ್ಪಿತ್ತು, ಅವರು ಅದಾರ ಅಂತೀರಿ. ಆ ಒಂದು ಕಾಗದಕ್ಕ ನನ್ನ ಪಾಲಿಗಿ ಹೋದವರು ಇಬ್ರು. ತಿರುಗಿ ಬಂದವರು ಒಬ್ರ. ಇನ್ನೊಬ್ಬಾಕಿನ್ನೂ ಕರಕೊಂಡು ಬರ್ರಿ, ನಾ ಬಳಿ ಇಟ್ಕೋತೀನಿ."

ನಾನು ಬಳೆ ಕಟ್ಟಿ ಚೀಲಕ್ಕೆ ಹಾಕಿಕೊಂಡೆ. ಅವಳು ಊಟಕ್ಕೆ ನೀಡಿದಳು, ಬಸ್ಸಿನವರೆಗೆ ಬಂದಳು. ನಿನಗೆ ಏನಾದರೂ ಹೇಳಬೇಕೇ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ ಕೇಳುತ್ತೇನೆ ಎಂದು ಬರೆಯಬಹುದಿತ್ತು. ಬರೆದರೆ ಮತ್ತೊಂದು ಸುಳ್ಳಾಗುತ್ತದೆ. ಆ ಕೋಣೆಯನ್ನು ಬಿಟ್ಟುಬಿಡು.

ಶಿವಲಿಂಗವ್ವ